ಪ್ಯಾಕೇಜಿನಲ್ಲಿ ಕ್ಯಾನ್ಸರ್ ಟೆಸ್ಟ್ ಫ್ರೀ ಅಂತೆ!

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಪೋಸ್ಟರ್ ಬಂತು. ಭಾನುವಾರ ಹೆಲ್ತ್ ಕ್ಯಾಂಪ್. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಜೊತೆಗೆ ಕ್ಯಾನ್ಸರ್ ಟೆಸ್ಟ್ ಫ್ರೀ: ಗಂಡಸರಿಗೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿಗೆ), ಹೆಂಗಸರಿಗೆ ಸಿಎ 125 (ಅಂಡಾಶಯದ ಕ್ಯಾನ್ಸರಿಗೆ), ಎಲ್ಲರಿಗೂ ಸಿಇಎ (ಮುಖ್ಯವಾಗಿ ದೊಡ್ಡ ಕರುಳಿನ ಕ್ಯಾನ್ಸರಿಗೆ). ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ. ನನಗೆ ಮಾತ್ರ ಮೈ ಉರಿಯಿತು.

ನಾನು ಡಾಕ್ಟರ್ ಅಲ್ಲ. ಬಸವನಗುಡಿ ಕಡೆಯ ಒಂದು ಲ್ಯಾಬಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ರಕ್ತ ತೆಗೆದಿದ್ದೇನೆ, ಮಷಿನ್ ನಡೆಸಿದ್ದೇನೆ, ಕೌಂಟರಿನಲ್ಲಿ ಕೂತು ರಿಪೋರ್ಟ್ ಕೊಟ್ಟಿದ್ದೇನೆ. ಕವರ್ ತೆಗೆದು ದಪ್ಪಕ್ಷರದ 'ಹೈ' ಕಂಡ ಕೂಡಲೇ ಜನರ ಮುಖ ಬಿಳುಚಿಕೊಳ್ಳುತ್ತದೆ. "ಮೇಡಂ, ಇದು ಕ್ಯಾನ್ಸರಾ?" ನಾವು ಏನೂ ಹೇಳುವ ಹಾಗಿಲ್ಲ. "ಡಾಕ್ಟರಿಗೆ ತೋರಿಸಿ" ಅಂತೇವೆ. ಅವರು ಅದನ್ನೇ ಹೌದು ಅಂತ ತಿಳಿದುಕೊಂಡು ಮೆಟ್ಟಿಲು ಇಳಿಯುತ್ತಾರೆ.

ಪೋಸ್ಟರಿನ ಈ ಟೆಸ್ಟುಗಳು ಅಳೆಯುವುದು ಟ್ಯೂಮರ್ ಮಾರ್ಕರ್. ಅಂದರೆ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಜಾಸ್ತಿ ಆಗಬಹುದಾದ ವಸ್ತು, ಹೆಚ್ಚಾಗಿ ಪ್ರೋಟೀನ್. ತಕರಾರು ಇರುವುದು ಆ 'ಆಗಬಹುದಾದ'ದಲ್ಲೇ. ಸಿಎ 125 ಮುಟ್ಟಿನ ದಿನಗಳಲ್ಲೂ ಏರುತ್ತದೆ. ಬಸುರಿನಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಂಟು ಇದ್ದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು) ಇದ್ದರೆ, ಹೊಟ್ಟೆಯ ಟಿಬಿ ಆದರೂ ಏರುತ್ತದೆ. ಸಿಗರೇಟು ಸೇದುವವರ ಸಿಇಎ ಸ್ವಲ್ಪ ಮೇಲೇ ಇರುತ್ತದೆ. ಮೂತ್ರದ ಸೋಂಕು ಬಂದರೆ ಪಿಎಸ್‌ಎ ಜಿಗಿಯುತ್ತದೆ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಆದರೆ, ಪ್ಯಾಂಕ್ರಿಯಾಸ್ ಕ್ಯಾನ್ಸರಿಗೆ ನೋಡುವ ಸಿಎ 19-9 ಅನ್ನುವ ಮಾರ್ಕರ್ ಹೆದರಿಸುವಷ್ಟು ಏರುತ್ತದೆ. ತಮಾಷೆ ಅಂದರೆ, ಕೆಲವರ ಮೈ ಹುಟ್ಟಿನಿಂದಲೇ ಈ ಸಿಎ 19-9 ತಯಾರಿಸುವುದಿಲ್ಲ. ಅವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬಂದರೂ ರಿಪೋರ್ಟ್ ನಾರ್ಮಲ್!

ಕೆಳಗಿನ ಮನೆಯ ಹುಡುಗಿಗೆ ಮೂವತ್ತರ ಆಸುಪಾಸು. ಆಫೀಸಿನ ಪ್ಯಾಕೇಜಿನಲ್ಲಿ ಸಿಎ 125 ಮಾಡಿಸಿದಳು. 62 ಬಂತು. 35ರೊಳಗೆ ಇರಬೇಕು. ರಾತ್ರಿಯೆಲ್ಲಾ ಗೂಗಲ್. ಸ್ಕ್ಯಾನ್ ಆಯಿತು, ಎಂಆರ್‌ಐ ಆಯಿತು. ಊರಿಂದ ಅಮ್ಮ ಬಂದು ಹರಕೆ ಹೊತ್ತರು. ಕೊನೆಗೆ ವಯಸ್ಸಾದ ಡಾಕ್ಟರಮ್ಮ ಒಬ್ಬರು ಕೇಳಿದರು, "ರಕ್ತ ಕೊಟ್ಟ ದಿನ ಪೀರಿಯಡ್ಸ್ ಇತ್ತೇನಮ್ಮಾ?" ಇತ್ತು. ಮುಗಿದ ಮೇಲೆ ಮತ್ತೆ ಮಾಡಿಸಿದರೆ 24.

ಲೆಕ್ಕ ಹಾಕಿ ನೋಡಿ. ಆರೋಗ್ಯವಾಗಿರುವ ಹೆಂಗಸರಲ್ಲೇ ಸುಮಾರು ನೂರಕ್ಕೆ ಒಬ್ಬರಿಗೆ ಸಿಎ 125 ಮೂವತ್ತೈದು ದಾಟಿರುತ್ತದೆ. ಲಕ್ಷ ಜನಕ್ಕೆ ಸಾವಿರ. ನಮ್ಮ ದೇಶದಲ್ಲಿ ಅಂಡಾಶಯದ ಕ್ಯಾನ್ಸರ್ ವರ್ಷಕ್ಕೆ ಲಕ್ಷದಲ್ಲಿ ಹತ್ತು ಜನಕ್ಕೂ ಬರುವುದಿಲ್ಲ. ಬಂದವರಲ್ಲೂ, ಶುರುವಿನ ಹಂತದಲ್ಲಿ ಸರಿಸುಮಾರು ಅರ್ಧ ಜನಕ್ಕೆ ಈ ಟೆಸ್ಟ್ ನಾರ್ಮಲ್ ತೋರಿಸುತ್ತದೆ. ಬ್ರಿಟನ್ನಿನಲ್ಲಿ ಮುಟ್ಟು ನಿಂತ ಸುಮಾರು 2 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ವರ್ಷಗಟ್ಟಲೆ ನೋಡಿದರು. 2021ರಲ್ಲಿ ಉತ್ತರ ಬಂತು: ಸಿಎ 125 ಇಟ್ಟುಕೊಂಡು ಸ್ಕ್ರೀನಿಂಗ್ ಮಾಡಿದ್ದರಿಂದ ಆ ಕ್ಯಾನ್ಸರಿನ ಸಾವು ಕಡಿಮೆ ಆಗಲಿಲ್ಲ. ಇಷ್ಟಾದ ಮೇಲೂ ನಮ್ಮ ಕ್ಯಾಂಪುಗಳಲ್ಲಿ ಅದು ಫ್ರೀ ಗಿಫ್ಟು.

ಪಿಎಸ್‌ಎ ಕಥೆ ಸ್ವಲ್ಪ ಬೇರೆ. ಐವತ್ತು ದಾಟಿದವರು ಡಾಕ್ಟರ ಹತ್ತಿರ ಕೂತು ಮಾತಾಡಿ, ಬೇಕಾದರೆ ಮಾಡಿಸಬಹುದು. ಮಾತಾಡಿ ಅನ್ನುವುದನ್ನು ಮರೆಯಬೇಡಿ.

ಹಾಗಂತ ಮಾರ್ಕರ್ ಟೆಸ್ಟೇ ದಂಡ ಅಂತಲ್ಲ. ನಮ್ಮ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಮೂರು ತಿಂಗಳಿಗೊಮ್ಮೆ ಸಿಇಎ. ದೊಡ್ಡಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಆ ನಂಬರ್ ಬರೆದಿಡುತ್ತಿದ್ದರು. ಮೊದಮೊದಲು 2, 2, 3. ಆಮೇಲೆ 5. ಮುಂದಿನ ಸಲ 9. ದೊಡ್ಡಪ್ಪನಿಗೆ ಏನೂ ತೊಂದರೆ ಇಲ್ಲ, ದಿನಾ ಲಾಲ್‌ಬಾಗಿನಲ್ಲಿ ವಾಕಿಂಗ್. ಆದರೂ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ಒಂದು ಚಿಕ್ಕ ಗಂಟು ಸಿಕ್ಕಿತು, ತೆಗೆದರು. ಒಂದು ನಂಬರಿನಿಂದ ಇದು ಗೊತ್ತಾಗುತ್ತಿರಲಿಲ್ಲ. ಸಾಲಾಗಿ ಏರುತ್ತಾ ಹೋದದ್ದರಿಂದ ಗೊತ್ತಾಯಿತು. ಕೆಲವು ಕಡೆ ರೋಗ ಹಿಡಿಯುವುದಕ್ಕೂ ಮಾರ್ಕರ್ ಬೇಕೇ ಬೇಕು. ಹುಡುಗರಿಗೆ ವೃಷಣದಲ್ಲಿ ಗಂಟು ಬಂದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ ಅನ್ನುವ ಮಾರ್ಕರ್ ನೋಡದೆ ಡಾಕ್ಟರು ಮುಂದಕ್ಕೆ ಹೋಗುವುದಿಲ್ಲ. ಆದರೆ ಅಲ್ಲಿ ಗಂಟು ಮೊದಲು, ಟೆಸ್ಟ್ ಆಮೇಲೆ.

ಕ್ಯಾಂಪ್ ಮಾಡುವವರಿಗೆ ನಿಜವಾಗಲೂ ಕಾಳಜಿ ಇದ್ದರೆ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಲಿ. ನಮ್ಮ ಸೆಕ್ಯೂರಿಟಿಯವರಿಂದಲೇ ಶುರು ಮಾಡಲಿ, ಅರ್ಧ ಜನ ಗುಟ್ಕಾ ಹಾಕುತ್ತಾರೆ. ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರಿಗಾಗಿ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಟೆಸ್ಟ್, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಲಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಓಪಿಡಿಯಲ್ಲಿ ಒಂದು ಬೆಳಗ್ಗೆ ಕೂತರೆ ಸಾಕು, ಬಾಯಿ, ಎದೆ, ಗರ್ಭಕೊರಳಿನ ಕ್ಯಾನ್ಸರಿನವರು ಎಷ್ಟು ಜನ ತಡವಾಗಿ ಬರುತ್ತಾರೆ ಅಂತ ಕಾಣುತ್ತದೆ. ಇವು ಸುಮ್ನೆ ಒಂದು ಟ್ಯೂಬ್ ರಕ್ತದಲ್ಲಿ ಮುಗಿಯುವ ಕೆಲಸ ಅಲ್ಲ, ಅದಕ್ಕೇ ಪೋಸ್ಟರಿಗೆ ಬರುವುದಿಲ್ಲ.

ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ ಕೌಂಟರಿನ ಆಚೆಯಿಂದ ಒಂದು ಮಾತು. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಕಂಪನಿ ಬದಲಾದರೆ ಮಷಿನ್, ಕಿಟ್ ಬದಲಾಗುತ್ತದೆ, ಅದೇ ರಕ್ತಕ್ಕೆ ಬೇರೆ ನಂಬರ್ ಬರಬಹುದು. ಡಿಸ್ಕೌಂಟ್ ಕೂಪನ್ ಹಿಂದೆ ಹೋಗಬೇಡಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿಬಿಡಿ. ಜಾಸ್ತಿ ಡೋಸ್ ಇದ್ದರೆ ಕೆಲವು ಮಷಿನ್ನುಗಳಲ್ಲಿ ರಿಸಲ್ಟೇ ತಪ್ಪು ಬರುತ್ತದೆ.