ಇನ್ನಾಸಪ್ಪ ಅಂತ ಯಾಕೆ ಇಡಬಾರದು?

ಬೆಂಗಳೂರಿನ ನಮ್ಮ ಕನ್ನಡ ಕಥೋಲಿಕರ ಮನೆಗಳಲ್ಲಿ ಈಗ ಇನ್ನಾಸಪ್ಪ ಅಂತ ಹೆಸರಿಡುವವರೇ ಇಲ್ಲ. ಚೌರಪ್ಪ, ರಾಯಪ್ಪ, ಅಂತೋಣಪ್ಪ, ಆರೋಗ್ಯಮ್ಮ ಎಲ್ಲ ಅಜ್ಜ ಅಜ್ಜಿಯರ ಜೊತೆಗೇ ಹೋದವು. ಈಗ ತೊಟ್ಟಿಲಲ್ಲಿರುವವರೆಲ್ಲ ಈಥನ್, ಜೇಡನ್, ಏಡನ್. ನನಗಂತೂ ಇದು ಬೇಜಾರಿನ ವಿಷಯ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇನ್ನಾಸಪ್ಪ ಅಂದರೆ ಸಂತ ಇಗ್ನೇಷಿಯಸ್. ಚೌರಪ್ಪ ಅಂದರೆ ಫ್ರಾನ್ಸಿಸ್ ಕ್ಸೇವಿಯರ್. ರಾಯಪ್ಪ ಪೇತ್ರ, ಚಿನ್ನಪ್ಪ ಪೌಲ. ಇವುಗಳಲ್ಲಿ ಎಷ್ಟೋ ತಮಿಳರ ಕಡೆಯಿಂದ ಬಂದ ರೂಪಗಳು, ಒಪ್ಪುತ್ತೇನೆ. ಬಂದರೇನು, ನಮ್ಮ ಹೊಲದಲ್ಲಿ ದುಡಿದು ನಮ್ಮವೇ ಆಗಿಬಿಟ್ಟವು. ಇಗ್ನೇಷಿಯಸ್, ಕ್ಸೇವಿಯರ್ ಇಬ್ಬರನ್ನೂ ರೋಮಿನಲ್ಲಿ ಸಂತರೆಂದು ಸಾರಿದ್ದು ಒಂದೇ ದಿನ, 1622ರ ಮಾರ್ಚ್ 12ರಂದು. ನಮ್ಮ ಹಳ್ಳಿಗಳಲ್ಲಿ ಇನ್ನಾಸಪ್ಪ, ಚೌರಪ್ಪ ಅಣ್ಣತಮ್ಮಂದಿರಾಗಿರುತ್ತಿದ್ದರು, ಅದೂ ಸರಿಯೇ.

ಇನ್ನೊಂದು ತಮಾಷೆ ನೋಡಿ. ಕ್ಸೇವಿಯರ್ ಅನ್ನುವುದು ಆ ಸಂತನ ಹೆಸರೇ ಅಲ್ಲ, ಊರು. ಸ್ಪೇನಿನ ನವಾರಾದಲ್ಲಿರುವ ಹವಿಯೇರ್ ಎಂಬ ಕೋಟೆಯಲ್ಲಿ ಹುಟ್ಟಿದವರು ಅವರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂತ ನಾವು ಬರೆಯುತ್ತೇವಲ್ಲ, ಆ ಲೆಕ್ಕದಲ್ಲಿ ಅವರು ಎಕ್ಸ್. ಫ್ರಾನ್ಸಿಸ್. ಇನಿಶಿಯಲ್ಲೇ ಹೆಸರಾಗಿ, ಅದಕ್ಕೊಂದು ಅಪ್ಪ ಸೇರಿ ಚೌರಪ್ಪ ಆಯಿತು. ಹೆಣ್ಣುಮಕ್ಕಳದ್ದೂ ಹಾಗೇ. ಲೂರ್ದ್ ಮೇರಿಯ ಲೂರ್ದ್ ಫ್ರಾನ್ಸಿನ ಒಂದು ಊರು. ಅಲ್ಲಿ 1858ರಲ್ಲಿ ಮಾತೆ ಮರಿಯಮ್ಮನ ದರ್ಶನವಾಯಿತು ಅಂತ ನಂಬಿಕೆ. ಲೊರೆಟಾ ಇಟಲಿಯ ಊರಿನ ಹೆಸರಿನಿಂದ ಬಂದದ್ದು. ಫಾತಿಮಾ ಪೋರ್ಚುಗಲ್ಲಿನ ಊರು, ಅಲ್ಲಿನ ದರ್ಶನ 1917ರದ್ದು. ಆ ಊರಿಗೆ ಆ ಹೆಸರು ಬಂದದ್ದು ಅರಬ್ಬಿಯಿಂದ. ಶಿವಾಜಿನಗರದ ಕಡೆ ಒಂದೇ ಕ್ಲಾಸಿನಲ್ಲಿ ಇಬ್ಬರು ಫಾತಿಮಾ ಇರಬಹುದು, ಒಬ್ಬಳು ಮಸೀದಿ ಕಡೆಯವಳು, ಇನ್ನೊಬ್ಬಳು ಬೆಸಿಲಿಕಾ ಕಡೆಯವಳು. ಹಾಜರಿ ಕೂಗುವಾಗ ಟೀಚರ್ ಪಾಡು ಏನೋ.

ಈಗ ಅಸಲು ಮಾತಿಗೆ ಬರುತ್ತೇನೆ. "ಕ್ರಿಶ್ಚಿಯನ್ ಹೆಸರು ಇಡಬೇಕು" ಅಂತ ನಮ್ಮವರು ಹೇಳುವಾಗ ಅವರ ಮನಸ್ಸಿನಲ್ಲಿ ಇರುವುದು ಇಂಗ್ಲಿಷ್ ಹೆಸರು. ಚರ್ಚ್ ಹಾಗೆಲ್ಲಿ ಹೇಳಿದೆ? 1917ರ ಧರ್ಮಸಭೆಯ ಕಾನೂನು ಬಿಗಿಯಾಗಿತ್ತು, ನಿಜ. ಅಪ್ಪ ಅಮ್ಮ ಬೇರೆ ಹೆಸರೇ ಬೇಕೆಂದರೆ ಫಾದರ್ ಒಬ್ಬ ಸಂತರ ಹೆಸರು ಸೇರಿಸಿ ಎರಡನ್ನೂ ಜ್ಞಾನಸ್ನಾನದ (ನೀರೆರೆದು ಚರ್ಚಿಗೆ ಸೇರಿಸಿಕೊಳ್ಳುವ ವಿಧಿ) ಪುಸ್ತಕದಲ್ಲಿ ಬರೆಯಬೇಕಿತ್ತು. 1983ರ ಕಾನೂನಿನಲ್ಲಿ ಅದೂ ಇಲ್ಲ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ, ಅಷ್ಟೇ. ಕಾವ್ಯ, ಚೇತನ್, ಸುಮ ಎಲ್ಲ ನಡೆಯುತ್ತದೆ.

ಹಳೆಯ ಕಥೆ ತೆಗೆದರೆ ಇನ್ನೂ ಮಜಾ. ಮಾರ್ಟಿನ್ ಅನ್ನುವುದು ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು. ಡೆನಿಸ್ ಗ್ರೀಕರ ದ್ರಾಕ್ಷಾರಸದ ದೇವರು ಡಯೊನೈಸಸ್‌ನಿಂದ. ಇಸಿಡೋರ್ ಅಂದರೆ ಈಜಿಪ್ಟಿನ ದೇವಿ ಐಸಿಸ್ ಕೊಟ್ಟ ವರ. ಮೂರೂ ಹೆಸರಿನಲ್ಲಿ ಸಂತರಿದ್ದಾರೆ, ಯಾರೂ ಬದಲಾಯಿಸಿಕೊಳ್ಳಲಿಲ್ಲ. ಮುಜುಗರ ಪಟ್ಟವರು ಮರ್ಕ್ಯುರಿಯಸ್ ಎಂಬ ಪಾದ್ರಿ. 533ರಲ್ಲಿ ಪೋಪ್ ಆದಾಗ ರೋಮನ್ ದೇವರ ಹೆಸರು ಬೇಡವೆಂದು ಎರಡನೆಯ ಜಾನ್ ಆದರು. ಪೋಪ್‌ಗಳು ಹೆಸರು ಬದಲಿಸುವ ಪದ್ಧತಿಗೆ ಮೊದಲ ಉದಾಹರಣೆ ಅವರೇ. ಡೆನಿಸ್ ಅಂಕಲ್‌ಗೆ ಇಲ್ಲದ ತೊಂದರೆ ನಮ್ಮ ಪಕ್ಕದ ಮನೆ ಶಿವಕುಮಾರನ ಜ್ಞಾನಸ್ನಾನಕ್ಕೆ ಯಾಕೆ ಬರಬೇಕು, ಹೇಳಿ.

ದೇವಸಹಾಯರ ಹೆಸರು ಕೇಳಿರುತ್ತೀರಿ. ತಿರುವಾಂಕೂರಿನ ನೀಲಕಂಠ ಪಿಳ್ಳೈ. 1745ರಲ್ಲಿ ಜ್ಞಾನಸ್ನಾನ ಪಡೆದಾಗ ಇಟ್ಟದ್ದು ಲಾಜರಸ್ ಎಂಬ ಹೆಸರು, ಆದರೆ ಅದರ ದೇಸಿ ರೂಪ ದೇವಸಹಾಯ ಎಂದು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದ್ದೂ ಆ ದೇಸಿ ಹೆಸರಿನಲ್ಲೇ. ಜಾತಿಯ ಪಿಳ್ಳೈ ಬಿಟ್ಟರು, ದೇವಸಹಾಯ ಉಳಿಸಿಕೊಂಡರು. ನಮ್ಮಲ್ಲೇ ನೋಡಿ, ಸರ್ವಜ್ಞನ ವಚನಗಳನ್ನು ಊರೂರು ಸುತ್ತಿ ಕೂಡಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ರೆವರೆಂಡ್. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಚನ್ನಪ್ಪ ಅಂತ ಇದ್ದದ್ದರಿಂದ ಅವರ ಭಕ್ತಿಗೇನೂ ಕಡಿಮೆಯಾಗಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಪೂಜೆ ಬೇಕು ಅಂತ ನಮ್ಮವರು ವರ್ಷಗಟ್ಟಲೆ ಹೋರಾಡಿದರು, ಜಗಳ ಆಡಿದರು. ಅಂಥ ಮನೆಗಳಲ್ಲೇ ಮೊಮ್ಮಗನಿಗೆ ಜೇಡನ್! ಅಜ್ಜಿಗೆ ಬಾಯಿ ತಿರುಗದೆ "ಜಡೇನಾ?" ಅಂತ ಕೇಳುತ್ತಾಳೆ.

"ಸ್ಕೂಲಲ್ಲಿ ಚೌರಪ್ಪ ಅಂದರೆ ಮಕ್ಕಳು ಆಡಿಕೊಳ್ಳುತ್ತಾರೆ" ಅನ್ನುತ್ತಾರೆ ಹೊಸ ಅಮ್ಮಂದಿರು. ಆಡಿಕೊಳ್ಳುತ್ತಾರೆ, ಅದು ಸುಳ್ಳಲ್ಲ. ಆದರೆ ನಮಗೆ ಎರಡೆರಡು ಹೆಸರು ಹೊಸದೇನಲ್ಲ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗುವಾಗ ಗೊತ್ತಾಗುತ್ತದೆ. "ಮರಿಯಾ ಜೋಸೆಫೀನ್" ಅಂದ ಕೂಡಲೇ ಬೆಂಚಿನಲ್ಲಿ ಗುಸುಗುಸು, ಯಾರಪ್ಪ ಇದು? ನೋಡಿದರೆ ಹಿಂದಿನ ಬೀದಿಯ ಪುಟ್ಟಿ. ಆಧಾರ್‌ನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಹೆಸರು ಇರಲಿ, ಅದು ಬೇಕೇ ಬೇಕು, ಇಲ್ಲದಿದ್ದರೆ ಅಫಿಡವಿಟ್ ಮಾಡಿಸಿ ಸಾಕಾಗುತ್ತದೆ. ಅಲ್ಲಿ ನಿಮಗೆ ಇಷ್ಟ ಬಂದ ಹೆಸರು ಇಟ್ಟುಕೊಳ್ಳಿ. ಜ್ಞಾನಸ್ನಾನದ ಪುಸ್ತಕ ಬೇರೆ. ಅದರಲ್ಲಿ ಬರೆದ ಹೆಸರಿಗೆ ಸ್ಕೂಲಿನವರು ನಗುವುದಿಲ್ಲ.

ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಒಂದು ಜ್ಞಾನಸ್ನಾನ ಇದೆ. ನಾನೇ ಜ್ಞಾನತಂದೆ, ಅಂದರೆ ಗಾಡ್‌ಫಾದರ್. "ಈ ಮಗುವಿಗೆ ಏನು ಹೆಸರಿಡುತ್ತೀರಿ?" ಅಂತ ಫಾದರ್ ಮೊದಲು ಕೇಳುವುದು ಅಪ್ಪ ಅಮ್ಮನನ್ನೇ, ನನ್ನನ್ನಲ್ಲ. ಆದರೂ ಇನ್ನಾಸಪ್ಪ ಅಂತ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನೆ. ಎಲ್ಲರೂ ನೋಡಿದ್ದಾರೆ, ಉತ್ತರ ಕೊಟ್ಟವಳು ಅಜ್ಜಿ ಒಬ್ಬಳೇ.