ಎಡಗಡೆ ಕಿಟಕಿಯೇ ಯಾವಾಗಲೂ ಚೆಂದ ಅನ್ನೋದು ನಿಜವಲ್ಲ

'ವಿಮಾನದಲ್ಲಿ ಯಾವಾಗಲೂ ಎಡಗಡೆಯ ಎ ಸೀಟನ್ನೇ ತಗೊಳ್ಳಿ, ಒಳ್ಳೆ ನೋಟ ಸಿಗುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಬೆಟ್ಟಗಳ ಸಾಲನ್ನೇ ಕಳೆದುಕೊಂಡರೆ ಬೇಜಾರಾಗುತ್ತದೆ, ಅಲ್ವಾ?

ಎಡವೋ ಬಲವೋ ಅನ್ನೋದು ವಿಮಾನ ಯಾವ ದಿಕ್ಕಿಗೆ ಹೋಗುತ್ತಿದೆ ಅನ್ನೋದರ ಮೇಲಿದೆ. ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ವಿಮಾನ ಪೂರ್ವದ ಕಡೆ ಸಾಗುತ್ತದೆ. ಹಿಮಾಲಯ ಉತ್ತರಕ್ಕಿದೆ. ಹಾಗಾಗಿ ಆಗ ಎಡಗಡೆ ಸರಿ. ವಾಪಸ್ ಬರುವಾಗ ಅದೇ ಹಿಮಾಲಯ ಬಲಗಡೆಗೆ ಬರುತ್ತದೆ. ಟಿಕೆಟ್ ಬುಕ್ ಮಾಡುವಾಗ ಎರಡೂ ಕಡೆಗೆ ಒಂದೇ ಸೀಟು ಆರಿಸಿದರೆ ಒಂದು ಸಲ ಬರೀ ಬಯಲೇ ಕಾಣುತ್ತದೆ.

ಬಿಸಿಲನ್ನೂ ಲೆಕ್ಕ ಹಾಕಿ. ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಸೂರ್ಯ ಬಲಗಡೆ ಇರುತ್ತಾನೆ. ಸೂರ್ಯೋದಯ ಬೇಕಿದ್ದರೆ ಅಲ್ಲಿ ಕೂರಿ. ನೆಲದ ನೋಟ ಬೇಕಿದ್ದರೆ ಎಡಗಡೆಯೇ ವಾಸಿ, ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ನೇರ ಪೂರ್ವಕ್ಕೆ ಹೋಗುವಾಗ ಸೂರ್ಯೋದಯ ವಿಮಾನದ ಮೂಗಿನ ಮುಂದೆಯೇ ಆಗುತ್ತದೆ, ಪೈಲಟ್‌ಗಳಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ನನ್ನ ಪ್ರಕಾರ ಬದಿಗಿಂತ ಸಾಲು ಜಾಸ್ತಿ ಮುಖ್ಯ. ರೆಕ್ಕೆಯ ಮೇಲೆ ಕೂತರೆ ಯಾವ ಬದಿಯಾದರೂ ರೆಕ್ಕೆಯೇ ಕಾಣುವುದು. ಎಂಜಿನ್ ರೆಕ್ಕೆಯ ಕೆಳಗಿದ್ದರೆ, ಅದರ ಹಿಂದಿನ ಸಾಲುಗಳಲ್ಲಿ ಕೂತವರಿಗೆ ಬಿಸಿಗಾಳಿಯಿಂದ ನೋಟ ನೀರಿನೊಳಗಿನಂತೆ ಅಲುಗುತ್ತದೆ. ರೆಕ್ಕೆಗಿಂತ ಮುಂದಿನ ಸಾಲು ಸಿಕ್ಕರೆ ಬಿಡಬೇಡಿ. ಕೆಲವು ಸಾಲುಗಳಲ್ಲಿ ಕಿಟಕಿ ಸೀಟು ಅಂತಿದ್ದರೂ ಕಿಟಕಿಯೇ ಇರುವುದಿಲ್ಲ. ಸೀಟಿನ ನಕ್ಷೆ ನೋಡಿಕೊಳ್ಳಿ.

ಇಳಿಯುವಾಗಿನ ನೋಟಕ್ಕೆ ಮಾತ್ರ ಖಾತ್ರಿ ಇಲ್ಲ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತವೆ. ಗಾಳಿ ತಿರುಗಿದರೆ ಊರು ಇನ್ನೊಂದು ಬದಿಗೆ ಹೋಗಬಹುದು.