ರುಟಭಾಗ್ಯ

ತಾರಸಿ ತೋಟದ ತರಬೇತಿಯಲ್ಲಿ ಹಂಚಿದ ಬೀಜದ ಕಿಟ್ಟಿನ ಕಥೆ ರಾಯಚೂರಲ್ಲಿ ಈಗ ಯಾರಿಗೆ ಗೊತ್ತಿಲ್ಲ ಹೇಳಿ. ನನಗೂ ಒಂದು ಸಿಕ್ಕಿತ್ತು. ಬಿಚ್ಚಿ ನೋಡಿದರೆ ಪುಂಡಿ ಇಲ್ಲ, ಮೆಂತ್ಯ ಇಲ್ಲ, ಚವಳಿಕಾಯಿ ಇಲ್ಲ. ಇದ್ದದ್ದು ರುಟಬೇಗಾ ಅನ್ನೋ ಚಳಿ ದೇಶದ ಗಡ್ಡೆ. ಕೊಟ್ಟಿದ್ದು ಮಾರ್ಚ್‌ನಲ್ಲಿ.

ಓಣಿಯಲ್ಲಿ ಅದರ ಹೆಸರು ಆಗಲೇ ರುಟಭಾಗ್ಯ ಆಗಿದೆ. ಅನ್ನಭಾಗ್ಯ, ಕ್ಷೀರಭಾಗ್ಯದ ಕೊನೇ ತಮ್ಮ ಇರಬೇಕು ಅಂದುಕೊಂಡಿದ್ದಾರೆ.

ಪೊಟ್ಟಣದ ಹಿಂದೆ ಹೀಗಿದೆ: ಹಿಮ ಬಿದ್ದ ಮೇಲೆ ಕಿತ್ತರೆ ಗಡ್ಡೆ ಜಾಸ್ತಿ ಸಿಹಿ. ಬಿತ್ತಿ ಸುಮಾರು 100 ದಿನಕ್ಕೆ ಗಡ್ಡೆ ಬರುತ್ತೆ, ಅಂದರೆ ಜೂನ್. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಡೆಯಿಂದ ಹಾರಿ ಬರುವ ಬೂದಿಯನ್ನೇ ಹಿಮ ಅಂದುಕೊಳ್ಳಲಿ ಅಂತ ಲೆಕ್ಕ ಹಾಕಿದ್ದಾರೋ ಏನೋ.

ಪಕ್ಕದ ಮನೆ ಅಮ್ಮ ಇಣುಕಿ ನೋಡಿದರು. "ಇದೇನ್ರೀ ಸರ, ಗಜ್ಜರಿನೋ ಮೂಲಂಗಿನೋ?"

"ಎರಡೂ ಅಲ್ರಿ ಅಮ್ಮ. ಟರ್ನಿಪ್ಪಿಗೂ ಎಲೆಕೋಸಿಗೂ ಹುಟ್ಟಿದ್ದು."

"ಹೌದಾ? ಮನ್ಯಾಗ ಒಪ್ಪಿದ್ರೇನ್ರಿ?"

ಒಪ್ಪಿದ್ದು ಸ್ವೀಡನ್ನಿನವರು, ಚಳಿ ದೇಶ, ಅವರಿಗೆ ಸರಿ. ಜರ್ಮನಿಯವರನ್ನು ಕೇಳಿ. 1916ರಲ್ಲಿ ಒಂದು ಕಡೆ ಯುದ್ಧ, ಇನ್ನೊಂದು ಕಡೆ ಆಲೂಗಡ್ಡೆಗೆ ರೋಗ ಬಿದ್ದು, ದನಕ್ಕೆ ಹಾಕುತ್ತಿದ್ದ ಈ ಗಡ್ಡೆಯನ್ನೇ ಚಳಿಗಾಲ ಪೂರ್ತಿ ಜನ ತಿಂದರು. ಬ್ರೆಡ್ಡಿಗೂ ಅದೇ, ಜಾಮಿಗೂ ಅದೇ, ಕಾಫಿಗೂ ಅದೇ. ಆ ಚಳಿಗಾಲಕ್ಕೆ ಈ ಗಡ್ಡೆಯ ಹೆಸರೇ ಉಳಿದುಬಿಟ್ಟಿದೆ. ನಮಗೆ ನೋಡಿ, ಯುದ್ಧ ಮಾಡದೇ ಸಿಕ್ಕಿತು.

ಕರಪತ್ರದಲ್ಲಿ ಮೆತ್ತನೆಯ ಆಳವಾದ ಮಣ್ಣು ಬೇಕು ಅಂತಿದೆ. ಮಣ್ಣಿಗೇನು ಬರ? 133 ಟಿಎಂಸಿ ನೀರು ಹಿಡಿಯಬೇಕಿದ್ದ ತುಂಗಭದ್ರಾ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಇಳಿದು ಕೂತಿದೆ, ಬೇಕಾದಷ್ಟು ಕುಂಡ ತುಂಬಿಸಬಹುದು. ಉಳಿದ ನೀರಾದರೂ ನೆಟ್ಟಗೆ ನಿಲ್ಲುತ್ತಾ ಅಂದರೆ 2024ರ ಆಗಸ್ಟಿನಲ್ಲಿ 19ನೇ ಗೇಟು ಚೈನು ಕಿತ್ತುಕೊಂಡು ಹೊರಟೇ ಹೋಯಿತು.

ಇನ್ನೊಂದು ಸಾಲು: ದಿನಾ ನೀರು ಹಾಕಿ, ಮಣ್ಣು ಒಣಗಲು ಬಿಡಬೇಡಿ. ಈ ಕಡೆ ಕೃಷ್ಣಾ, ಆ ಕಡೆ ತುಂಗಭದ್ರಾ, ನಡುವಿನ ನಮ್ಮ ಓಣಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಅದೂ ರಾತ್ರಿ ಎರಡು ಗಂಟೆಗೆ. ನಿದ್ದೆಗೆಟ್ಟು ಹೆಂಗಸರು ತುಂಬಿಟ್ಟ ಕೊಡವನ್ನು ಈ ಗಡ್ಡೆಗೆ ಸುರಿಯಿರಿ ಅಂತ ಅಚ್ಚು ಹಾಕಿಸೋಕೆ ನಾಚಿಕೆ ಆಗಲಿಲ್ವಾ? ಕಾಲುವೆ ಕೊನೇ ಭಾಗದ ರೈತ ನೀರಿಗಾಗಿ ರಸ್ತೆಯಲ್ಲಿ ಕೂರುತ್ತಾನೆ. ಎಷ್ಟು ಸಲ ಅಂತ ಬರೆಯೋದು, ಸಾಕಾಗಿದೆ.

ಸಸಿ? ನಾಲ್ಕು ಎಲೆ ಬಿಟ್ಟಿತ್ತು. ಏಪ್ರಿಲ್ ಎರಡನೇ ವಾರಕ್ಕೆ ಹಪ್ಪಳ.

ಜೂನ್‌ನಲ್ಲಿ ಫೋನ್ ಬಂತು. "ಸರ್, ಇಳುವರಿ ಜೊತೆ ಒಂದು ಫೋಟೊ ಕಳಿಸಿ. ಲೊಕೇಶನ್ ಆನ್ ಇರಲಿ." ಮಾರ್ಕೆಟ್ಟಿಂದ ಒಂದು ನವಿಲುಕೋಸು ತಂದು, ಕುಂಡದಲ್ಲಿ ಅರ್ಧ ಹೂತು, ಪಕ್ಕದಲ್ಲಿ ನಗುತ್ತಾ ನಿಂತು ಕಳಿಸಿದೆ. "ಸೂಪರ್ ಸರ್, ಮಾದರಿ ತೋಟ" ಅಂತ ಉತ್ತರ ಬಂತು.

ಕುಂಡಕ್ಕೆ ಈಗ ಪಕ್ಕದ ಮನೆ ಅಮ್ಮ ಪುಂಡಿ ಬೀಜ ಚೆಲ್ಲಿದ್ದಾರೆ. ನನ್ನನ್ನೇನೂ ಕೇಳಲಿಲ್ಲ.